ಕೇಳಿದ ಮೇಲೆ ಉತ್ತರವನ್ನೂ ಕೊಡಿ: ಮಂಗಳೂರಿನ ಆಡಳಿತ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಂಗಳೂರಿನ ಆಡಳಿತ ನಡೆಸುವ ಎಲ್ಲರಿಗೂ, ನಾಳೆ ಚುನಾವಣೆ ಗೆದ್ದು ಆ ಕುರ್ಚಿಗಳಲ್ಲಿ ಕೂರುವವರಿಗೂ ನಮಸ್ಕಾರ.

ಕೊಟ್ಟಾರದ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಹತ್ತೊಂಬತ್ತು ವರ್ಷ ಆಯ್ತು. ಮದುವೆ ಕಾಗದ, ಭೂತದ ನೇಮದ ಆಮಂತ್ರಣ, ಕಾಲೇಜು ಮಕ್ಕಳ ಪ್ರಾಜೆಕ್ಟ್ ಎಲ್ಲ ಮಾಡುತ್ತೇನೆ. ಆದರೆ ದಿನಕ್ಕೆ ಎರಡು ಮೂರು ಸಲವಾದರೂ ಬರುವ ಕೆಲಸ ಅಂದರೆ ಅರ್ಜಿ. ಜನ ಬಂದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ತಮ್ಮ ಕಷ್ಟ ಹೇಳುತ್ತಾರೆ. ನಾನು ಅದನ್ನು "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಕಚೇರಿ ಕನ್ನಡಕ್ಕೆ ತಂದು ಟೈಪ್ ಮಾಡಿ ಕೊಡುತ್ತೇನೆ. ಮೂರು ಪ್ರತಿ. ಅದರಲ್ಲಿ ಒಂದಕ್ಕೆ ಕಚೇರಿಯ ಸೀಲ್ ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಆ ಸೀಲ್ ಬಿದ್ದ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಹೋದವರೂ ಇದ್ದಾರೆ. ಉತ್ತರ ಬಂದಿದೆ, ಏನು ಬರೆದಿದ್ದಾರೆ ಓದಿ ಹೇಳಿ ಅಂತ ಬಂದವರು ಮಾತ್ರ ತುಂಬಾ ಕಡಿಮೆ.

ಈ ಪತ್ರ ಬರೆಯುತ್ತಿರುವುದು ಆ ಉತ್ತರದ ಬಗ್ಗೆ. ನೀವು ಜನರನ್ನು ಕೇಳಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಕೇಳಿದ ಮೇಲೆ ಏನಾಯಿತು ಅಂತ ತಿರುಗಿ ಬಂದು ಹೇಳುವುದು ಅದಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸಿದ್ದು ಒಂದು ಸಭೆಯಿಂದ.

ಕೆಲವು ವರ್ಷದ ಹಿಂದೆ, ಒಂದು ಮೇ ತಿಂಗಳಲ್ಲಿ, ನಮ್ಮ ಕಡೆಯ ಒಂದು ತೋಡಿಗೆ, ಅಂದರೆ ಮಳೆನೀರು ಹರಿಯುವ ಕಾಲುವೆಗೆ, ಕಾಂಕ್ರೀಟ್ ಗೋಡೆ ಕಟ್ಟುವ ಕೆಲಸಕ್ಕೆ ಸಾರ್ವಜನಿಕ ಸಭೆ ಕರೆದಿದ್ದರು. ಯಾವ ಕಚೇರಿ ಅಂತ ಇಲ್ಲಿ ಹೇಳುವುದಿಲ್ಲ, ಒಬ್ಬರ ಮೇಲೆ ದೂರು ಹಾಕುವುದು ನನ್ನ ಉದ್ದೇಶ ಅಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ. ನಲವತ್ತು ಕುರ್ಚಿ ಹಾಕಿದ್ದರು, ಬಂದದ್ದು ಹದಿನೇಳು ಜನ. ಗೋಡೆಯ ಮೇಲೆ ಪ್ರೊಜೆಕ್ಟರ್‌ನಲ್ಲಿ ತೋರಿಸಿದ ನಕ್ಷೆ, ಲೆಕ್ಕ ಎಲ್ಲ ಇಂಗ್ಲಿಷಿನಲ್ಲಿ. ನನ್ನ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಬೀಡಿ ಕಟ್ಟುವ ಒಬ್ಬರು ಅಮ್ಮ ಇದ್ದಾರೆ, ಅವರ ಅಂಗಳ ಆ ತೋಡಿಗೆ ತಾಗಿಕೊಂಡೇ ಇದೆ. ನಾನೇ ಒತ್ತಾಯ ಮಾಡಿ ಅವರನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ದಿನದ ಬೀಡಿ ಬಿಟ್ಟು ಬಂದಿದ್ದರು. ಅಂದರೆ ಅರ್ಧ ದಿನದ ಕೂಲಿ.

ಕೊನೆಗೆ ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದಾಗ ಅವರು ಎದ್ದು ನಿಂತು ಒಂದೇ ಮಾತು ಕೇಳಿದರು. "ಈ ನೀರ್ ಓಡೆ ಪೋಪುಂಡು?" ಈ ನೀರು ಎಲ್ಲಿಗೆ ಹೋಗುತ್ತದೆ ಅಂತ. ಎಂಜಿನಿಯರ್ ನಕ್ಷೆ ತೋರಿಸಿ, ತೋಡಿನಲ್ಲೇ ಹರಿದು ಹೊಳೆಗೆ ಹೋಗುತ್ತದೆ ಅಂದರು. ಅಮ್ಮ ಆ ನೀರಿನ ಬಗ್ಗೆ ಕೇಳಿರಲಿಲ್ಲ. ಅವರ ಅಂಗಳಕ್ಕೆ ಮೇಲಿನ ರಸ್ತೆಯಿಂದ ಇಳಿದು ಬರುವ ನೀರು ಇಷ್ಟು ವರ್ಷ ತೋಡಿಗೆ ಬೀಳುತ್ತಿತ್ತು. ಈಗ ಅಂಗಳಕ್ಕಿಂತ ಎತ್ತರದ ಗೋಡೆ ಬಂದರೆ ಅದು ಎಲ್ಲಿಗೆ ಹೋಗಬೇಕು ಅಂತ ಅವರ ಪ್ರಶ್ನೆ. ಅವರ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಯಲ್ಲಿ ಮಸಿಯಿಂದ ಎಳೆದ ಮೂರು ಗೆರೆ ಇದ್ದವು. ದೊಡ್ಡ ಮಳೆ ಬಂದಾಗಲೆಲ್ಲ ನೀರು ಎಲ್ಲಿಯವರೆಗೆ ನಿಂತಿತ್ತು ಅಂತ ಅವರ ಗಂಡ ಇದ್ದಾಗ ಗುರುತು ಹಾಕಿಟ್ಟದ್ದು. ಒಂದು ಮೊಣಕಾಲಿಗಿಂತ ಕೆಳಗೆ, ಒಂದು ಮೊಣಕಾಲಿಗೆ, ಒಂದು ಅದಕ್ಕಿಂತ ಒಂದು ಗೇಣು ಮೇಲೆ. ಆ ಗೆರೆಗಳ ಬಗ್ಗೆ ಅವರು ತುಳುವಿನಲ್ಲಿ, ಕೈಯಿಂದ ಕಾಲಿನ ಮೇಲೆ ತೋರಿಸುತ್ತಾ ಹೇಳಿದರು. ಎಂಜಿನಿಯರ್ ತಾಳ್ಮೆಯಿಂದ ಕೇಳಿದರು, ಆ ಮಾತನ್ನು ನಾನು ಹೇಳಲೇಬೇಕು. ಬರವಣಿಗೆಯಲ್ಲಿ ಕೊಡಿ, ನೋಡೋಣ ಅಂದರು.

ಬರವಣಿಗೆಯಲ್ಲಿ ಕೊಟ್ಟೆವು. ನಾನೇ ಟೈಪ್ ಮಾಡಿದೆ. ನಾಲ್ಕು ತಿಂಗಳ ನಂತರ ಆ ಸಭೆಯ ನಡಾವಳಿಯ ಪ್ರತಿ ಸಿಕ್ಕಿತು. ಅದರಲ್ಲಿ ಇದ್ದದ್ದು ಒಂದು ಸಾಲು: "ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿ ಸಹಕಾರ ನೀಡುವುದಾಗಿ ತಿಳಿಸಿದರು."

ಗೋಡೆ ಬಂತು. ಮುಂದಿನ ಜೂನ್‌ನಲ್ಲಿ ಅವರ ಗೋಡೆಗೆ ನಾಲ್ಕನೇ ಗೆರೆಯೂ ಬಂತು. ಈ ಸಲ ಅದನ್ನು ಎಳೆದದ್ದು ಮಗಳು.

ಆ ನಡಾವಳಿಯನ್ನು ನಾನು ತುಂಬಾ ಸಲ ಓದಿದ್ದೇನೆ. ಯಾರೋ ಬೇಕೆಂದೇ ಸುಳ್ಳು ಬರೆದರು ಅಂತ ನನಗೆ ಅನ್ನಿಸುವುದಿಲ್ಲ. ಸಭೆಗೆ ಮುಂಚೆಯೇ ಟೆಂಡರ್ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಗೋಡೆಯ ಎತ್ತರ ಬದಲಿಸುವ ಅಧಿಕಾರ ಆ ಎಂಜಿನಿಯರ್‌ಗೂ ಇರಲಿಲ್ಲ. ಬದಲಾಯಿಸಲು ಆಗುವುದೇ ಇಲ್ಲ ಅಂದಮೇಲೆ ಕೇಳುವುದು ಯಾಕೆ ಹೇಳಿ? ಹದಿನೇಳು ಜನರ ಅರ್ಧ ದಿನ, ಆ ಎಂಜಿನಿಯರ್‌ರ ಅರ್ಧ ದಿನ, ಎಲ್ಲ ಒಂದು ಸಾಲಿಗೋಸ್ಕರ ಹೋಯಿತು. ಆ ಅಮ್ಮ ಯೋಜನೆಗೆ ವಿರೋಧ ಇರಲಿಲ್ಲ. ತೋಡು ಸರಿಯಾಗಬೇಕು ಅಂತ ಎಲ್ಲರಿಗಿಂತ ಜಾಸ್ತಿ ಆಸೆ ಇದ್ದದ್ದು ಅವರಿಗೇ. ಅವರು ತಂದದ್ದು ದೂರು ಅಲ್ಲ, ಅಳತೆ. ದುಡ್ಡು ಕೊಟ್ಟರೂ ಯಾವ ಸರ್ವೆಯವರೂ ತಂದುಕೊಡಲು ಆಗದ, ಅಷ್ಟೂ ಮಳೆಗಾಲದ ಅಳತೆ.

ಹಾಗಾಗಿ ನನ್ನ ಮೊದಲನೇ ಬೇಡಿಕೆ. ಜನರನ್ನು ಕರೆಯುವಾಗ, ಏನು ಇನ್ನೂ ತೀರ್ಮಾನ ಆಗಿಲ್ಲ ಅಂತ ಮೊದಲು ಹೇಳಿ. ತೋಡಿಗೆ ಗೋಡೆ ಬರುವುದು ಖಂಡಿತ, ಆದರೆ ಎತ್ತರ, ನೀರು ಇಳಿಯುವ ದಾರಿ, ಕೆಲಸ ಶುರುವಾಗುವ ತಿಂಗಳು ಇವು ಮೂರು ನಿಮ್ಮ ಹತ್ತಿರ ಕೇಳಿ ತೀರ್ಮಾನ ಮಾಡುತ್ತೇವೆ ಅಂತ ನೋಟಿಸಿನಲ್ಲೇ ಹಾಕಿ. ಎಲ್ಲ ತೀರ್ಮಾನ ಆಗಿದ್ದರೆ ಅದನ್ನೂ ನೇರವಾಗಿ ಹೇಳಿ, ಇದು ಮಾಹಿತಿ ಕೊಡುವ ಸಭೆ ಅಂತ ಕರೆಯಿರಿ. ಜನ ಅದಕ್ಕೂ ಬರುತ್ತಾರೆ. ಮಾಹಿತಿ ಸಭೆಗೆ ಸಮಾಲೋಚನೆ ಅಂತ ಹೆಸರು ಕೊಟ್ಟರೆ ಮಾತ್ರ ಮುಂದಿನ ಸಲ ಯಾರೂ ಬರುವುದಿಲ್ಲ.

ಇದು ನಾವು ನಿಮ್ಮ ಹತ್ತಿರ ಕೇಳುವ ಉಪಕಾರ ಏನಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಅದರ 243ಎಸ್ ವಿಧಿ ಹೇಳುತ್ತದೆ. ನಮ್ಮ ಊರಿನ ಜನಸಂಖ್ಯೆ 2011ರ ಗಣತಿಯಲ್ಲೇ ಐದು ಲಕ್ಷದ ಹತ್ತಿರ ಇತ್ತು. ಕರ್ನಾಟಕ ಅದೇ 2011ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಪ್ರತಿ ವಾರ್ಡಿಗೆ ಒಂದು ಸಮಿತಿ, ಅದಕ್ಕಿಂತ ಕೆಳಗೆ ಏರಿಯಾ ಸಭೆ ಅಂತ ಮಾಡಿತು. ಸಮಿತಿಯಲ್ಲಿ ಹತ್ತು ಜನ, ಅದರಲ್ಲಿ ಮೂರು ಜನ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ತಿಂಗಳಿಗೊಂದು ಸಭೆ. ಮಂಗಳೂರಿನಲ್ಲಿ ಅದು ನಿಜವಾಗಿ ಕೂರುವುದಕ್ಕೆ ಹೆಚ್ಚು ಕಡಿಮೆ ಹತ್ತು ವರ್ಷ ಹಿಡಿಯಿತು. ಅದೂ ನಾಗರಿಕರು ಹೈಕೋರ್ಟಿಗೆ ಹೋದ ಮೇಲೆ. ಅರವತ್ತು ವಾರ್ಡ್, ಹತ್ತು ಹತ್ತು ಜನ, ಆರುನೂರು ಮಂದಿ. ಊರಿನ ಕೆಲಸಕ್ಕೆ ಸಂಬಳ ಇಲ್ಲದೆ ಬರಲು ಆರುನೂರು ಮಂದಿ ಒಪ್ಪಿದರು ಅನ್ನುವುದು ಸಣ್ಣ ವಿಷಯವಾ?

ಆದರೆ ಸಮಿತಿಯ ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರ್. 2019ರ ನವೆಂಬರ್‌ನಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಕೌನ್ಸಿಲ್ ಇಲ್ಲದ ಕಾಲದಲ್ಲಿ ಸಮಿತಿಗೆ ತಲೆಯೇ ಇರುವುದಿಲ್ಲ. ಪಾಲಿಕೆಯ ಕೆಲಸಗಳು ನಡೆಯುತ್ತಲೇ ಇರುತ್ತವೆ, ಟೆಂಡರ್ ಆಗುತ್ತಲೇ ಇರುತ್ತದೆ, ಕೇಳುವ ಬಾಗಿಲು ಮಾತ್ರ ಮುಚ್ಚಿರುತ್ತದೆ. ಚುನಾಯಿತರು ಇಲ್ಲದ ಕಾಲದಲ್ಲಿ ಜನರನ್ನು ಕೇಳುವ ಅಗತ್ಯ ಇನ್ನೂ ಜಾಸ್ತಿ, ಅಲ್ವಾ? ಆಡಳಿತಾಧಿಕಾರಿ ಕಾಲದಲ್ಲೂ ನಡೆಯುವ ಹಾಗೆ ಸಮಿತಿಯನ್ನು ರೂಪಿಸಬೇಕು. ಅದಕ್ಕೆ ಕಾನೂನು ಬದಲಾಗಬೇಕಾದರೆ ಬೆಂಗಳೂರಿಗೆ ಬರೆಯಿರಿ, ಆ ಕಾಗದ ಟೈಪ್ ಮಾಡಲು ನಾನು ತಯಾರಿದ್ದೇನೆ.

ಮಾಹಿತಿ ಹಕ್ಕು ಕಾಯ್ದೆ ಅಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. 2005ರ ಆ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಜನರ ಮೇಲೆ ಪರಿಣಾಮ ಆಗುವ ಮುಖ್ಯ ನೀತಿ ರೂಪಿಸುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲ ವಿಷಯವನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು, ಒಂದು ತೀರ್ಮಾನದಿಂದ ಯಾರಿಗೆ ತೊಂದರೆ ಆಗುತ್ತದೋ ಅವರಿಗೆ ಕಾರಣ ಕೊಡಬೇಕು. ಯಾರೂ ಅರ್ಜಿ ಹಾಕದೆಯೇ. ಈ ಎರಡು ಸಾಲು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ನನ್ನ ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಓದಿದವರು ಇದು ನಿಜವಾ ಅಂತ ಕೇಳುತ್ತಾರೆ.

ತೋಡಿನ ಗೋಡೆ ಸಣ್ಣ ವಿಷಯ. ದೊಡ್ಡ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರಿಗೆ ಎತ್ತಿನಹೊಳೆ ನೆನಪಾಗದೆ ಇರುವುದಿಲ್ಲ. ನೇತ್ರಾವತಿಯ ಮೂಲದ ಹಳ್ಳಗಳಿಂದ 24 ಟಿಎಂಸಿ ನೀರು ಎತ್ತುವ ಯೋಜನೆ. 8 ಸಾವಿರ ಕೋಟಿ ಚಿಲ್ಲರೆಯಿಂದ ಶುರುವಾಗಿ 12,912 ಕೋಟಿ ಆಯ್ತು, ಆಮೇಲೆ 23 ಸಾವಿರ ಕೋಟಿ ದಾಟಿತು. ಕುಡಿಯುವ ನೀರಿನ ಯೋಜನೆ ಅಂತ ಆದದ್ದರಿಂದ ಅದಕ್ಕೆ ಪರಿಸರ ಅನುಮತಿ ಬೇಕಾಗಲಿಲ್ಲ. ಅನುಮತಿ ಬೇಡ ಅಂದಮೇಲೆ ಆ ನಿಯಮದ ಸಾರ್ವಜನಿಕ ಅಹವಾಲು ಸಭೆಯೂ ಬೇಕಾಗಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ತಾಯಂದಿರ ಕೊಡದ ಕಷ್ಟ ನಮ್ಮದಕ್ಕಿಂತ ದೊಡ್ಡದು. ಆದರೆ ತುಂಬೆಯಲ್ಲಿ ನೇತ್ರಾವತಿಯಿಂದ ಎತ್ತಿದ ನೀರು ಕುಡಿಯುವ ನಮ್ಮನ್ನೂ, ಅಲ್ಲಿನವರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಲೆಕ್ಕ ಮುಂದಿಟ್ಟು ಮಾತಾಡಿಸಿದ್ದರೆ? ಅದು ಆಗದೆ ನಾವು ಬೀದಿಯಲ್ಲಿ, ಅವರು ಬೀದಿಯಲ್ಲಿ. ಎರಡೂ ಕಡೆಯವರು ಬಂದ್ ಮಾಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇನ್ನು ಭಾಷೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅದೇ ನನ್ನ ಕೆಲಸ.

2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮದ ಅಧಿಸೂಚನೆಯ ಹೊಸ ಕರಡು ತಂದಿತ್ತು. ಅಹವಾಲು ಸಭೆಯ ನೋಟಿಸನ್ನು 30 ದಿನದಿಂದ 20 ದಿನಕ್ಕೆ ಇಳಿಸುವ ಪ್ರಸ್ತಾಪವೂ ಅದರಲ್ಲಿ ಇತ್ತು. ಇದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿಯಲ್ಲಿರುವ 22 ಭಾಷೆಗಳಿಗೆ ಅನುವಾದ ಮಾಡಿ ಜನರಿಗೆ ಕೊಡಿ ಅಂತ ದೆಹಲಿ ಹೈಕೋರ್ಟ್ ಜೂನ್‌ನಲ್ಲಿ ಹೇಳಿತು. ಸ್ಥಳೀಯ ಭಾಷೆಯಲ್ಲಿ ಸರಿಯಾದ ಪ್ರಚಾರ ಇಲ್ಲದೆ ಅಂತಿಮ ಮಾಡಬೇಡಿ ಅಂತ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ತಡೆಯಿತು. ಅಂದರೆ, ಅರ್ಥವಾಗದ ಭಾಷೆಯಲ್ಲಿ ಕೇಳಿದರೆ ಕೇಳಿದ ಹಾಗೆ ಅಲ್ಲ ಅಂತ ನ್ಯಾಯಾಲಯಗಳೇ ಹೇಳಿದವು. ತುಳು ಆ 22ರ ಪಟ್ಟಿಯಲ್ಲಿ ಇಲ್ಲ. ಬ್ಯಾರಿಯೂ ಇಲ್ಲ. ಕೊಂಕಣಿ ಇದೆ. ಪಟ್ಟಿಯ ಹೋರಾಟ ಬೇರೆ, ಅದು ನಡೆಯಲಿ. ಸಭೆಯಲ್ಲಿ ತುಳುವಿನಲ್ಲಿ ಮಾತಾಡಲು, ಅದನ್ನು ಹೇಳಿದ ಹಾಗೇ ಬರೆದುಕೊಳ್ಳಲು ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ.

ಬರೆದುಕೊಳ್ಳುವಾಗ ಏನಾಗುತ್ತದೆ ಅಂತ ನನಗೆ ಗೊತ್ತು. ಒಮ್ಮೆ ಒಬ್ಬರು ಬಂದು "ಬರ್ಸ ಬತ್ತ್‌ಂಡ ಜೋಕ್ಲೆಗ್ ಶಾಲೆಗ್ ಪೋವರೆ ಆಪುಜಿ" ಅಂದರು. ಮಳೆ ಬಂದರೆ ಮಕ್ಕಳಿಗೆ ಶಾಲೆಗೆ ಹೋಗಲು ಆಗುವುದಿಲ್ಲ. ನಾನು ರೂಢಿಯಂತೆ "ಮಳೆಗಾಲದಲ್ಲಿ ಸಾರ್ವಜನಿಕರ ಸಂಚಾರಕ್ಕೆ ಅನಾನುಕೂಲವಾಗುತ್ತಿದ್ದು" ಅಂತ ಟೈಪ್ ಮಾಡಿದೆ. ಓದಿ ಹೇಳಿದಾಗ ಅವರು ಕೇಳಿದರು: ಮಕ್ಕಳು ಎಲ್ಲಿ? ಶಾಲೆ ಎಲ್ಲಿ? ನನಗೆ ಕೈ ನಡುಗಿತು. ಇಷ್ಟು ವರ್ಷ ಎಷ್ಟು ಜನರ ಮಕ್ಕಳನ್ನು, ಎಷ್ಟು ಶಾಲೆಗಳನ್ನು ನಾನು ಹೀಗೆ ಅಳಿಸಿ ಹಾಕಿದ್ದೇನೋ. ಆ ದಿನದಿಂದ ಅವರು ಹೇಳಿದ್ದನ್ನು ಮೊದಲ ಸಾಲಿನಲ್ಲಿ ಹಾಗೇ ಹಾಕುತ್ತೇನೆ, ಕಚೇರಿ ಕನ್ನಡ ಆಮೇಲೆ. ನೀವೂ ಹಾಗೆ ಮಾಡಿ. ಸಭೆಗೆ ತುಳು, ಬ್ಯಾರಿ, ಕೊಂಕಣಿ ಬರುವ ಒಬ್ಬರನ್ನು ಬರೆಯಲು ಕೂರಿಸಿ. ಗದಗ, ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಕಟ್ಟಡಗಳನ್ನು ಕಟ್ಟುವವರ ಕನ್ನಡವನ್ನೂ ಅವರು ಹೇಳಿದಂತೆ ಬರೆಯಲಿ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿ ಹೇಳಲಿ. ಪರಿಸರ ಅಹವಾಲಿಗೆ 2006ರ ಅಧಿಸೂಚನೆಯಲ್ಲಿ ಈ ನಿಯಮ ಇದೆ, ಅಲ್ಲಿಯೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಅಂತ. ಹೊಸದೇನೂ ಅಲ್ಲ. ಅದನ್ನೇ ತೋಡಿನ ಸಭೆಗೂ ತನ್ನಿ.

ಸಮಯದ ಬಗ್ಗೆ ಎರಡೇ ಮಾತು. ದಕ್ಕೆಯಲ್ಲಿ ಮೀನು ಇಳಿಸುವವರು ನಸುಕಿಗೆ ಕೆಲಸ ಶುರು ಮಾಡಿ ಹನ್ನೊಂದು ಗಂಟೆಗೆ ಸುಸ್ತಾಗಿ ಬಿದ್ದಿರುತ್ತಾರೆ. ಬಸ್ಸಿನ ಕಂಡಕ್ಟರ್‌ಗೆ ಮಂಗಳವಾರ ರಜೆ ಇರುವುದಿಲ್ಲ. ಸಭೆಯನ್ನು ಹನ್ನೊಂದು ಗಂಟೆಗೆ ಕರೆದು ಜನ ಬರುವುದಿಲ್ಲ ಅಂತ ಹೇಳಬೇಡಿ. ನೀವೇ ದಕ್ಕೆಗೆ ಹೋಗಿ, ಬೀಡಿ ಡಿಪೋ ಹತ್ತಿರ ಹೋಗಿ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿ ಕೂರಿ.

ಯಾರನ್ನು ಕೇಳಬೇಕು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ನಮ್ಮ ಆಮಂತ್ರಣಗಳಲ್ಲಿ "ಊರ ಹತ್ತು ಸಮಸ್ತರು" ಅಂತ ಹಾಕುತ್ತೇವೆ. ನಾನೇ ಎಷ್ಟು ಸಾವಿರ ಕಾಗದಕ್ಕೆ ಹಾಕಿದ್ದೇನೋ. ಆ ಮಾತು ನನಗೆ ತುಂಬಾ ಇಷ್ಟ. ಒಂದು ನೇಮಕ್ಕೆ, ಒಂದು ಬ್ರಹ್ಮಕಲಶಕ್ಕೆ ಊರು ಸೇರಿ ಕೆಲಸ ಹಂಚಿಕೊಂಡು, ಕೊನೆಗೆ ಎಲ್ಲರ ಎದುರು ಲೆಕ್ಕ ಓದುವುದನ್ನು ನೋಡಿದವರಿಗೆ, ಜನ ಸೇರಿದರೆ ಏನು ಆಗುತ್ತದೆ ಅಂತ ವಿವರಿಸಬೇಕಾಗಿಲ್ಲ. ಆದರೆ ಆ ಹತ್ತರಲ್ಲಿ ಯಾರು ಇರುತ್ತಾರೆ ಅಂತಲೂ ನಮಗೆ ಗೊತ್ತು. ಬಾಡಿಗೆ ಮನೆಯವರು ಇರುವುದಿಲ್ಲ. ಹೆಂಗಸರು ಊಟದ ಸಮಿತಿಯಲ್ಲಿ ಇರುತ್ತಾರೆ. ಕಾಲೊನಿಯವರನ್ನು ಕೊನೆಗೆ ಕರೆಯುತ್ತಾರೆ. ಸರ್ಕಾರದ ಸಭೆಯಲ್ಲೂ ಅದೇ ಹತ್ತು ಮಂದಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಇದಕ್ಕೆ ಒಂದು ದಾರಿ ಚೀಟಿ ಎತ್ತುವುದು. ಐರ್ಲೆಂಡಿನಲ್ಲಿ 2016ರಿಂದ 2018ರವರೆಗೆ ಒಂದು ನಾಗರಿಕ ಸಭೆ ಕೂತಿತ್ತು. ಒಬ್ಬರು ನ್ಯಾಯಾಧೀಶೆ ಅಧ್ಯಕ್ಷರು, ಉಳಿದ 99 ಜನ ಸಾಮಾನ್ಯರು. ವಯಸ್ಸು, ಊರು, ಗಂಡು ಹೆಣ್ಣು ಎಲ್ಲ ಸರಿದೂಗುವ ಹಾಗೆ ಅವರನ್ನು ಚೀಟಿ ಎತ್ತಿದ ರೀತಿಯಲ್ಲಿ ಆರಿಸಿದ್ದರು. ದಶಕಗಳಿಂದ ರಾಜಕಾರಣಿಗಳು ಮುಟ್ಟಲು ಹೆದರುತ್ತಿದ್ದ ಗರ್ಭಪಾತದ ಕಾನೂನನ್ನು ಅವರ ಮುಂದೆ ಇಟ್ಟರು. ತಿಂಗಳುಗಟ್ಟಲೆ ವೈದ್ಯರನ್ನು, ವಕೀಲರನ್ನು, ಎರಡೂ ಕಡೆಯವರನ್ನು ಕೇಳಿ ಅವರು ಶಿಫಾರಸು ಮಾಡಿದರು. 2018ರ ಮೇ ತಿಂಗಳ ಜನಮತದಲ್ಲಿ ಶೇಕಡಾ 66 ಜನ ಬದಲಾವಣೆಗೆ ಒಪ್ಪಿದರು. ಅಷ್ಟು ಕಷ್ಟದ ವಿಷಯವನ್ನು 99 ಜನ ಕೂತು ಮಾತಾಡಲು ಆಗುವುದಾದರೆ, ನಮ್ಮ ವಾರ್ಡಿನ ಮತದಾರರ ಪಟ್ಟಿಯಿಂದ ಇಪ್ಪತ್ತು ಹೆಸರು ಎತ್ತಿ ಬಸ್ ಸ್ಟಾಪ್ ಎಲ್ಲಿರಬೇಕು ಅಂತ ಕೇಳಲು ಆಗುವುದಿಲ್ಲವಾ? ಬಂದವರಿಗೆ ಆ ದಿನದ ಕೂಲಿ ಕೊಡಿ. ಕೂಲಿ ಕೊಡದಿದ್ದರೆ ಬರುವುದು ಕೂಲಿ ಬೇಡದವರು ಮಾತ್ರ.

ಚೀಟಿ ಒಂದೇ ಸಾಲದು. ಕೆಲವು ವಿಷಯದಲ್ಲಿ ಪೆಟ್ಟು ತಿನ್ನುವವರು ಸ್ವಲ್ಪ ಜನ, ಲಾಭ ಪಡೆಯುವವರು ತುಂಬಾ ಜನ. 2019ರ ಆಗಸ್ಟ್‌ನಲ್ಲಿ ನಮ್ಮ ಊರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಕೆಳಗಿನ ಮಂದಾರ ಅನ್ನುವ ಊರಿಗೆ ಜಾರಿತು. ಕಸ ಇಡೀ ಊರಿನದು. ನನ್ನ ಅಂಗಡಿಯ ಹಾಳಾದ ಕಾಗದವೂ ಅದರಲ್ಲಿ ಇತ್ತು. ಹೋದದ್ದು ಮಂದಾರದವರ ಮನೆ, ಅಡಿಕೆ ತೋಟ. ಕಸ ಎಲ್ಲಿ ಹಾಕಬೇಕು ಅಂತ ಊರಿಗೆಲ್ಲ ಓಟು ಹಾಕಿಸಿದರೆ ಮಂದಾರದವರು ಪ್ರತಿ ಸಲ ಸೋಲುತ್ತಾರೆ. ಹಾಗಾಗಿ ಪೆಟ್ಟು ಬೀಳುವವರಿಗೆ ಮೀಸಲು ಕುರ್ಚಿ ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಇದು ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ಅವರೇ ಆರಿಸಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಇದೇ ಅಳತೆಯನ್ನು ಕಸಕ್ಕೆ, ತೋಡಿಗೆ, ರಸ್ತೆ ಅಗಲೀಕರಣಕ್ಕೆ ತನ್ನಿ.

ನಿಮ್ಮಲ್ಲಿ ಕೆಲವರು ನನ್ನ ಅಂಗಡಿಗೆ ಬಂದಾಗ ಹೇಳಿದ್ದು ನೆನಪಿದೆ. ಜನರನ್ನು ಕೇಳಿದರೆ ಎಲ್ಲರೂ ಅವರವರ ಮನೆ ಮುಂದಿನ ಬೀದಿದೀಪ ಕೇಳುತ್ತಾರೆ, ಊರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಜ. ಆದರೆ ಬೀದಿದೀಪ ಕೇಳಿ ಮೂರು ವರ್ಷ ಉತ್ತರ ಸಿಗದವರು ಊರಿನ ಬಗ್ಗೆ ಯಾವ ಧೈರ್ಯದಲ್ಲಿ ಮಾತಾಡುತ್ತಾರೆ? ದುಡ್ಡು ಎಷ್ಟಿದೆ ಅಂತ ಗೊತ್ತಾದರೆ ಜನ ಬೇರೆ ರೀತಿ ಯೋಚನೆ ಮಾಡುತ್ತಾರೆ. ಇದಕ್ಕೆ ತುಂಬಾ ದೂರ ಹೋಗಬೇಕಾಗಿಲ್ಲ. ತಲಪಾಡಿ ದಾಟಿದರೆ ಕೇರಳ. ಅಲ್ಲಿ 1996ರಲ್ಲಿ ಜನಕೀಯ ಯೋಜನೆ ಅಂತ ಶುರು ಮಾಡಿ, ರಾಜ್ಯದ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ಗ್ರಾಮಸಭೆಯಲ್ಲಿ ಪಟ್ಟಿ ಮಾಡಿಸಿದರು. ಪುಣೆಯಲ್ಲಿ 2006ರ ಹೊತ್ತಿಗೆ ಪಾಲಿಕೆಯ ಬಜೆಟ್‌ಗೆ ನಾಗರಿಕರು ಫಾರಂ ತುಂಬಿ ತಮ್ಮ ಕಡೆಯ ಕೆಲಸ ಸೂಚಿಸುವ ಪದ್ಧತಿ ಬಂತು. ಇನ್ನು ನಮ್ಮ ಪಕ್ಕದ ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆದಿದೆ. ಮಕ್ಕಳೇ ಆರಿಸಿದ ಮಕ್ಕಳು ತಮ್ಮ ಊರಿನ ತೊಂದರೆಯನ್ನು ತಾವೇ ನೋಡಿ, ಬರೆದು, ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಮಕ್ಕಳಿಗೆ ಆಗಿದ್ದು ನಮಗೆ ಆಗುವುದಿಲ್ಲವಾ?

ಸೋತ ಕಥೆಯನ್ನೂ ಹೇಳಬೇಕು. ಬ್ರೆಜಿಲಿನ ಪೋರ್ಟೊ ಅಲೆಗ್ರೆ ಅನ್ನುವ ಊರು 1989ರಲ್ಲಿ ಬಜೆಟ್‌ನ ಒಂದು ಪಾಲನ್ನು ಬಡಾವಣೆ ಸಭೆಗಳ ಕೈಗೆ ಕೊಟ್ಟಿತು. ಪ್ರಪಂಚದ ಎಷ್ಟೋ ಊರುಗಳು ಅದನ್ನು ನೋಡಿ ಕಲಿತವು. ಆಮೇಲೆ ಆಡಳಿತದ ಆಸಕ್ತಿ ಇಳಿಯಿತು, ಜನ ಆರಿಸಿದ ಕೆಲಸಗಳು ಬಾಕಿ ಉಳಿಯತೊಡಗಿದವು, 2017ರಲ್ಲಿ ಅದು ನಿಂತೇ ಹೋಯಿತು. ಅಲ್ಲೂ ಜನರೇ ಸಾಕಾಗಿ ಬಿಟ್ಟುಬಿಟ್ಟದ್ದಲ್ಲ. ಅವರು ಹೇಳಿದ್ದಕ್ಕೆ ಮರುಮಾತು ಬರುವುದು ನಿಂತಿತ್ತು.

ಹಾಗಾಗಿ ಸುಮ್ನೆ ದೊಡ್ಡದಾಗಿ ಏನೂ ಶುರು ಮಾಡಬೇಡಿ. ಹೊಸ ಆ್ಯಪ್ ಬೇಡ. ವಾರ್ಡ್ ಕಚೇರಿಯ ಹೊರಗೆ, ಬೀಗ ಹಾಕಿದ ಮೇಲೂ ಕಾಣುವ ಜಾಗದಲ್ಲಿ, ಒಂದು ಬೋರ್ಡ್ ಹಾಕಿ. ಮೂರು ಕಾಲಂ ಸಾಕು: ಜನ ಹೇಳಿದ್ದು, ನಾವು ಮಾಡಿದ್ದು, ಮಾಡದಿದ್ದರೆ ಯಾಕೆ. ಸಭೆ ಆಗಿ ಮೂವತ್ತು ದಿನದೊಳಗೆ ಪ್ರತಿ ಮಾತಿಗೂ ಒಂದು ಸಾಲು. ಆ ಅಮ್ಮನ ಮಾತಿಗೆ "ಗೋಡೆಯಲ್ಲಿ ಎರಡು ಕಡೆ ನೀರು ಇಳಿಯಲು ತೂತು ಬಿಡುತ್ತೇವೆ" ಅಂತ ಬರೆಯಬಹುದಿತ್ತು. ಅಥವಾ "ತೂತು ಬಿಟ್ಟರೆ ತೋಡು ತುಂಬಿದಾಗ ಅದೇ ದಾರಿಯಿಂದ ನೀರು ಒಳಗೆ ಬರುತ್ತದೆ, ಹಾಗಾಗಿ ಆಗುವುದಿಲ್ಲ, ಅದರ ಬದಲು ಮೇಲಿನ ರಸ್ತೆಯ ಚರಂಡಿ ತಿರುಗಿಸುತ್ತೇವೆ" ಅಂತ ಬರೆಯಬಹುದಿತ್ತು. ಎರಡನೆಯದು ಬರೆದಿದ್ದರೂ ಅವರು ಒಪ್ಪುತ್ತಿದ್ದರು. ನಾನು ಅವರನ್ನೇ ಕೇಳಿದ್ದೇನೆ. ಆಗುವುದಿಲ್ಲ ಅಂತ ಹೇಳಿದ್ದರೆ ಮಗಳ ಪುಸ್ತಕಗಳನ್ನಾದರೂ ಮೇಲಿನ ಅಟ್ಟಕ್ಕೆ ಇಡುತ್ತಿದ್ದೆ ಅಂದರು.

ಎಲ್ಲವನ್ನೂ ಸಭೆಗೆ ತನ್ನಿ ಅಂತ ನಾನು ಹೇಳುವುದಿಲ್ಲ. ತುಂಬೆಯಲ್ಲಿ ಪಂಪ್ ಕೆಟ್ಟರೆ ಯಾರನ್ನೂ ಕೇಳದೆ ರಿಪೇರಿ ಮಾಡಿ. ಡೆಂಗ್ಯೂ ಬಂದರೆ ಫಾಗಿಂಗ್‌ಗೆ ನಮ್ಮ ಒಪ್ಪಿಗೆ ಬೇಡ. ನಾವು ಕೇಳುವುದು ನಿಧಾನವಾಗಿ ಯೋಚನೆ ಮಾಡಲು ಸಮಯ ಇರುವ, ಕಟ್ಟಿದರೆ ಮೂವತ್ತು ವರ್ಷ ಒಡೆಯಲು ಆಗದ ಕೆಲಸಗಳ ಬಗ್ಗೆ.

ಮುಂದಿನ ಮಳೆಗಾಲಕ್ಕೆ ಮೊದಲು ಒಂದು ವಾರ್ಡ್, ಒಂದು ತೋಡು ಆರಿಸಿಕೊಳ್ಳಿ. ನಮ್ಮದೇ ಆಗಬೇಕೆಂದಿಲ್ಲ. ನಮ್ಮದೇ ಆದರೆ, ಬೋರ್ಡಿನ ಫ್ಲೆಕ್ಸ್ ಪ್ರಿಂಟ್ ನನ್ನದು. ಆ ಗೋಡೆಯ ನಾಲ್ಕು ಗೆರೆಗಳ ಫೋಟೋ ನನ್ನ ಫೋನಿನಲ್ಲಿದೆ. ಆದರೆ ಫೋಟೋ ನೋಡುವುದಕ್ಕಿಂತ ಟೇಪ್ ಹಿಡಿದುಕೊಂಡು ಅಂಗಳಕ್ಕೇ ಬನ್ನಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಬೆಳಿಗ್ಗೆ ಬೇಡ, ಅಮ್ಮ ಬೀಡಿ ಕೊಡಲು ಡಿಪೋಗೆ ಹೋಗಿರುತ್ತಾರೆ. ನಾಲ್ಕು ಗಂಟೆಯ ನಂತರ ಮನೆಯಲ್ಲಿ ಇರುತ್ತಾರೆ.

ಇತಿ,
ಕೊಟ್ಟಾರದ ಒಬ್ಬ ಅರ್ಜಿ ಬರೆಯುವವ